ಕಾಸರಗೋಡಿನಲ್ಲಿ ಬಿ.ಎಸ್ಸಿ. ಗಣಿತ: ಫೀಸು ಅಗ್ಗ, ವರ್ಷಗಳು ದುಬಾರಿ

ಬಿ.ಎಸ್ಸಿ. ಗಣಿತದ ಬಗ್ಗೆ ನಮ್ಮ ಕಡೆ ಎರಡು ಮಾತು ಓಡಾಡುತ್ತವೆ. ಹಳೆಯದು: ‘ಮಾಸ್ಟ್ರಾಗುವುದು ಬಿಟ್ಟರೆ ಅದರಿಂದ ಬೇರೇನೂ ಆಗಲಿಕ್ಕಿಲ್ಲ.’ ಹೊಸದು: ‘ಈಗ ಎಲ್ಲ ಡೇಟಾ ಅಲ್ವಾ, ಗಣಿತ ಕಲಿತವರಿಗೆ ಕೆಲಸಕ್ಕೆಂಥ ಬರಗಾಲ?’ ಇವುಗಳಲ್ಲಿ ಯಾವುದನ್ನು ನಂಬಿ ಸೀಟು ಹಿಡಿದರೂ ಮೂರನೇ ವರ್ಷದಲ್ಲಿ ಪರದಾಟ ತಪ್ಪುವುದಿಲ್ಲ. ಹಾಗಾಗಿ ಈ ಡಿಗ್ರಿಯನ್ನು ದುಡ್ಡು ಕೊಟ್ಟು ಪಡೆಯುವ ಸೇವೆಯಂತೆಯೇ ಅಳೆಯೋಣ: ಎಷ್ಟು ತೆರಬೇಕು, ಏನು ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ. ಇಲ್ಲಿ ಕಣ್ಣ ಮುಂದಿರುವುದು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟು ವಿಜ್ಞಾನ ಮುಗಿಸಿದ ಕಾಸರಗೋಡಿನ ವಿದ್ಯಾರ್ಥಿ.

ಮೊದಲು ಬೆಲೆ

ಫೀಸಿನ ಮಟ್ಟಿಗೆ ಇದಕ್ಕಿಂತ ಅಗ್ಗದ ವಿಜ್ಞಾನ ಡಿಗ್ರಿ ಹುಡುಕುವುದು ಕಷ್ಟ. ವಿದ್ಯಾನಗರದ ಸರಕಾರಿ ಕಾಲೇಜು 1957ರಿಂದ ನಡೆಯುತ್ತಿದೆ. ಅಲ್ಲಾಗಲಿ, ಅನುದಾನಿತ ಕಾಲೇಜಿನ ಮೆರಿಟ್ ಸೀಟಿನಲ್ಲಾಗಲಿ ವರ್ಷಕ್ಕೆ ಹೋಗುವುದು ಕೆಲವು ಸಾವಿರ ಮಾತ್ರ. ಗಣಿತಕ್ಕೆ ರಾಸಾಯನಿಕ ಬೇಡ, ಸಲಕರಣೆ ಬೇಡ. ಅದರ ಮೇಲೆ ವಿದ್ಯಾರ್ಥಿವೇತನ ಸಿಕ್ಕಿದರೆ ಲೆಕ್ಕ ತಿರುಗಿ ನಿಮ್ಮ ಕಡೆಗೇ ಬರುತ್ತದೆ. ಕೇಂದ್ರ ಸರಕಾರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಡಿಗ್ರಿಯ ಮೂರು ವರ್ಷವೂ ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ. ಪ್ಲಸ್ ಟುವಿನಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಮನೆಯ ವಾರ್ಷಿಕ ಆದಾಯ 4.5 ಲಕ್ಷದ ಒಳಗಿರಬೇಕು. ಕೇರಳ ಉನ್ನತ ಶಿಕ್ಷಣ ಪರಿಷತ್ತಿನದು ಮೊದಲ ವರ್ಷ 12,000, ಎರಡನೇ ವರ್ಷ 18,000, ಮೂರನೇ ವರ್ಷ 24,000. ಮೀಸಲಾತಿ ವರ್ಗದವರಿಗೆ ಸರಕಾರದ ಇ-ಗ್ರಾಂಟ್ಸ್ ನೆರವು ಬೇರೆ. ಹಣ ತಪ್ಪಿಹೋಗುವುದು ಹೆಚ್ಚಾಗಿ ಅರ್ಹತೆ ಇಲ್ಲದ್ದರಿಂದಲ್ಲ. ಎರಡನೇ ವರ್ಷ ನವೀಕರಣದ ಅರ್ಜಿ ಹಾಕಲು ಮರೆತದ್ದರಿಂದ, ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದ್ದರಿಂದ.

ಮಂಗಳೂರಿಗೆ ಹೋಗಿ ಓದುವುದಾದರೆ ಬೆಲೆ ಕಾಲೇಜಿನ ಮೇಲೆ ನಿಂತಿದೆ. ಅಲ್ಲಿನ ಖಾಸಗಿ ಕಾಲೇಜುಗಳ ಫೀಸು ಇಲ್ಲಿನ ಸರಕಾರಿ ಕಾಲೇಜಿನ ಹಲವು ಪಟ್ಟು. ಪ್ರಯಾಣ ಮಾತ್ರ ಭಯಪಟ್ಟಷ್ಟು ದುಬಾರಿ ಅಲ್ಲ. ರೈಲಿನ ಸೀಸನ್ ಟಿಕೆಟಿನಲ್ಲಿ ವಿದ್ಯಾರ್ಥಿಗಳಿಗೆ ಅರ್ಧ ರಿಯಾಯಿತಿ ಉಂಟು. ಹುಡುಗಿಯರಿಗೆ ಡಿಗ್ರಿ ಮುಗಿಯುವವರೆಗೆ ಮನೆಯಿಂದ ಕಾಲೇಜಿಗೆ ಎರಡನೇ ದರ್ಜೆಯ ಸೀಸನ್ ಪಾಸ್ ಉಚಿತ. ಕಾಲೇಜಿನಿಂದ ಸಹಿ-ಮೊಹರಿನ ಪತ್ರ ತಂದರೆ ಸಾಕು. ಇದನ್ನು ಕೇಳಿ ಪಡೆಯುವವರೇ ಕಡಿಮೆ.

ನಿಜವಾದ ಬೆಲೆ ಇರುವುದು ವರ್ಷಗಳಲ್ಲಿ. ಪ್ಲಸ್ ಟು ಮುಗಿಸಿ ತಿಂಗಳಿಗೆ 15,000 ರೂಪಾಯಿಯ ಕೆಲಸಕ್ಕೆ ಸೇರಬಹುದಿತ್ತು ಎಂದಿಟ್ಟುಕೊಳ್ಳಿ. ಮೂರು ವರ್ಷದ ಡಿಗ್ರಿ ಎಂದರೆ 5.4 ಲಕ್ಷದ ಸಂಬಳ ಬಿಟ್ಟ ಹಾಗೆ. ಎರಡು ವರ್ಷದ ಬಿ.ಎಡ್. ಸೇರಿಸಿ, 9 ಲಕ್ಷ. ನಡುವೆ ಎಂ.ಎಸ್ಸಿ.ಯನ್ನೂ ಮಾಡಿದರೆ ಒಟ್ಟು ಏಳು ವರ್ಷ, 12.6 ಲಕ್ಷ. ಇದರ ಎದುರು ಫೀಸು ಲೆಕ್ಕಕ್ಕೇ ಬರುವುದಿಲ್ಲ. ಬರೇ ಮೂರು ವರ್ಷದ ಗಣಿತ ಡಿಗ್ರಿ ಹಿಡಿದು ಹೊರಬಂದವರಿಗೆ ‘ಗಣಿತ ಪದವೀಧರರು ಬೇಕು’ ಎಂಬ ಜಾಹೀರಾತು ಹೆಚ್ಚುಕಡಿಮೆ ಕಾಣಸಿಗುವುದೇ ಇಲ್ಲ. ಈ ಡಿಗ್ರಿಗೆ ಬೆಲೆ ಬರುವುದು ಇದರ ಮೇಲೆ ಇನ್ನೊಂದನ್ನು ಕಟ್ಟಿದಾಗ. ಆ ಇನ್ನೊಂದು ಯಾವುದೆಂದು ಐದನೇ ಸೆಮಿಸ್ಟರಿನ ಮೊದಲು ತೀರ್ಮಾನ ಆಗದಿದ್ದರೆ ಕನಿಷ್ಠ ಒಂದು ವರ್ಷ ಸುಮ್ಮನೆ ಹೋಯಿತೆಂದೇ ಲೆಕ್ಕ.

ನಾಲ್ಕು ವರ್ಷದ ಪದ್ಧತಿ, ಮತ್ತು ಮೈನರ್ ಎಂಬ ತಿರುವು

2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಪದ್ಧತಿ ಬಂದಿದೆ. 133 ಕ್ರೆಡಿಟ್‌ಗೆ ಮೂರು ವರ್ಷದ ಡಿಗ್ರಿ, 177ಕ್ಕೆ ನಾಲ್ಕು ವರ್ಷದ ಆನರ್ಸ್. ಅದೇ ವರ್ಷ ಕರ್ನಾಟಕ ನಾಲ್ಕು ವರ್ಷದ ಪದ್ಧತಿಯನ್ನು ಬಿಟ್ಟು ಮೂರಕ್ಕೆ ಮರಳಿತು. ತಲಪಾಡಿಯ ಆಚೆ ಒಂದು, ಈಚೆ ಒಂದು; ಗಡಿಯಲ್ಲಿರುವವರ ತಲೆಬಿಸಿ ಮಾತ್ರ ಡಬ್ಬಲ್. ನಾಲ್ಕನೇ ವರ್ಷ ಎಲ್ಲರಿಗೂ ಬೇಕಾಗಿಲ್ಲ. ಬಿ.ಎಡ್.ಗೆ ಹೋಗುವವರು ಮೂರಕ್ಕೇ ಹೊರಡುವುದು ಒಳ್ಳೆಯದು, ಆ ಒಂದು ವರ್ಷಕ್ಕೆ ಶಾಲೆಯಲ್ಲಿ ಬೆಲೆ ಇಲ್ಲ. ಸಂಶೋಧನೆ ಮನಸ್ಸಿನಲ್ಲಿದ್ದರೆ ನಾಲ್ಕನೆಯದನ್ನು ಮಾಡಬಹುದು. ಆದರೆ ‘ಆನರ್ಸ್ ವಿತ್ ರಿಸರ್ಚ್’ಗೆ ಮೊದಲ ಆರು ಸೆಮಿಸ್ಟರುಗಳಲ್ಲಿ 75 ಶೇಕಡಾ ಬೇಕು.

ಅರ್ಜಿ ತುಂಬುವಾಗ ಎಲ್ಲರ ಗಮನ ಮೇಜರ್, ಅಂದರೆ ಮುಖ್ಯ ವಿಷಯದ ಮೇಲೆ. ಅದರ ಜೊತೆ ಕಲಿಯುವ ಉಪವಿಷಯ, ಮೈನರ್, ಏನೋ ಒಂದು, ಗೆಳತಿ ತೆಗೆದುಕೊಂಡದ್ದೋ, ಸುಲಭ ಎಂದು ಯಾರೋ ಹೇಳಿದ್ದೋ. ಗಣಿತದ ವಿದ್ಯಾರ್ಥಿಯ ಮುಂದಿನ ದಾರಿಯನ್ನು ನಿಜವಾಗಿ ತೆರೆಯುವುದೂ ಮುಚ್ಚುವುದೂ ಆ ಮೈನರೇ.

ಸಂಖ್ಯಾಶಾಸ್ತ್ರವನ್ನು ನೋಡಿ. ಯು.ಪಿ.ಎಸ್.ಸಿ. ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆಗೆ ಕೂರಬೇಕಾದರೆ ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇರಬೇಕು. ಬರೇ ಗಣಿತ ಎಂದರೆ ಬಾಗಿಲಲ್ಲೇ ತಡೆ. ಕೇಂದ್ರ ಸರಕಾರಿ ಹುದ್ದೆಗಳಿಗೆ ನಡೆಯುವ ಎಸ್.ಎಸ್.ಸಿ. ಸಿ.ಜಿ.ಎಲ್. ಪರೀಕ್ಷೆಯಲ್ಲಿ ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಹುದ್ದೆಗೆ ಒಂದೋ ಹನ್ನೆರಡನೆಯಲ್ಲಿ ಗಣಿತಕ್ಕೆ 60 ಶೇಕಡಾ, ಇಲ್ಲವೇ ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಬೇಕು. ಮೂಲವೇತನ 35,400ರಿಂದ ಶುರು. ಅದೇ ಪರೀಕ್ಷೆಯ ಸ್ಟ್ಯಾಟಿಸ್ಟಿಕಲ್ ಇನ್‌ವೆಸ್ಟಿಗೇಟರ್ ಹುದ್ದೆಗೆ ಸಂಖ್ಯಾಶಾಸ್ತ್ರ ಡಿಗ್ರಿಯ ಮೂರು ವರ್ಷವೂ ಇರಬೇಕು. ಎರಡು ಸೆಮಿಸ್ಟರು ಕಲಿತು ಬಿಟ್ಟವರು ಅರ್ಜಿ ಹಾಕುವ ದಿನ ಮಾರ್ಕ್‌ಲಿಸ್ಟ್ ಹಿಡಿದು ಕೂತು ಕ್ರೆಡಿಟ್ ಎಣಿಸುವುದೇ ಇದಕ್ಕೆ.

ಭೌತಶಾಸ್ತ್ರದ ಮೈನರ್ ಇನ್ನೊಂದು ಲೆಕ್ಕಕ್ಕೆ ಒದಗುತ್ತದೆ. ಕರ್ನಾಟಕದ ಶಾಲಾ ನೇಮಕಾತಿಯಲ್ಲಿ ಗಣಿತದ ಹುದ್ದೆ ‘ಪಿಸಿಎಂ’ (ಭೌತಶಾಸ್ತ್ರ-ರಸಾಯನಶಾಸ್ತ್ರ-ಗಣಿತ) ಎಂಬ ಕಟ್ಟಿನಲ್ಲಿ ಬರುತ್ತದೆ. ಗಣಿತದ ಜೊತೆ ಭೌತಶಾಸ್ತ್ರ ಓದದವರಿಗೆ ಅಲ್ಲಿ ತೊಡಕು. ಕೇರಳದಲ್ಲಿ ಉಲ್ಟಾ: ಗಣಿತ ಮುಖ್ಯ ವಿಷಯವಾಗಿತ್ತೇ ಎಂಬುದೇ ಪ್ರಶ್ನೆ. ಮಂಗಳೂರಿನಲ್ಲಿ ಮೂರು ಸಮಾನ ವಿಷಯಗಳ ಡಿಗ್ರಿ ಮಾಡಿ ಬಂದವರು ಇಲ್ಲಿನ ಬಿ.ಎಡ್.ಗೋ ಪಿ.ಎಸ್.ಸಿ.ಗೋ ಅರ್ಜಿ ಹಾಕುವಾಗ ಅವರಿಂದ ‘ಈ ಡಿಗ್ರಿ ಇಲ್ಲಿನದಕ್ಕೆ ಸಮ’ ಎಂಬ ತತ್ಸಮಾನ ಪ್ರಮಾಣಪತ್ರ ಕೇಳುವುದು ಇದಕ್ಕೇ. ಅದು ವಿಶ್ವವಿದ್ಯಾಲಯದಿಂದ ಬರಬೇಕು, ಪಠ್ಯಕ್ರಮದ ಪ್ರತಿ ಲಗತ್ತಿಸಬೇಕು, ಸಮಯ ಹಿಡಿಯುತ್ತದೆ. ಅಧಿಸೂಚನೆ ಬಂದ ಮೇಲೆ ಹೊರಟರೆ ಕೊನೆಯ ದಿನಾಂಕ ದಾಟಿರುತ್ತದೆ.

ಕಂಪ್ಯೂಟರ್ ಸೈನ್ಸ್ ಮೈನರ್ ಎಂ.ಸಿ.ಎ. ಕಡೆಗೆ ಹೋಗುವವರಿಗೆ. ಅದರ ಮಾತು ಮುಂದೆ.

ಕನ್ನಡ ಮಾಧ್ಯಮದ ಗಣಿತ ಅಧ್ಯಾಪಕ

ಗಡಿನಾಡಿನ ಕನ್ನಡಿಗರಿಗೆ ಈ ಡಿಗ್ರಿಯಲ್ಲಿ ಬೇರೆಯವರಿಗೆ ಸಿಗದ ಒಂದು ಬಾಗಿಲು ಉಂಟು. ಕೇರಳ ಪಿ.ಎಸ್.ಸಿ. ಪ್ರೌಢಶಾಲಾ ಗಣಿತ ಅಧ್ಯಾಪಕರ ಹುದ್ದೆಗೆ ‘ಕನ್ನಡ ಮಾಧ್ಯಮ’ ಎಂದೇ ಪ್ರತ್ಯೇಕ ಅಧಿಸೂಚನೆ ಹೊರಡಿಸುತ್ತದೆ. ಸ್ಪರ್ಧೆ ಕಾಸರಗೋಡು ಜಿಲ್ಲೆಯೊಳಗಿನ ಸಣ್ಣ ಗುಂಪಿನಲ್ಲಿ ಮುಗಿಯುತ್ತದೆ. ಮಲಯಾಳ ಮಾಧ್ಯಮದ ಅದೇ ಹುದ್ದೆಗೆ ಬರೆಯುವವರ ಜನಸಂದಣಿ ನೋಡಿದರೆ ಈ ಅನುಕೂಲ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ವೇತನ ಶ್ರೇಣಿ 2019ರ ಪರಿಷ್ಕರಣೆಯಲ್ಲಿ 41,300ರಿಂದ 87,000, ಮೇಲೆ ತುಟ್ಟಿಭತ್ಯೆ. ಎಂ.ಎಸ್ಸಿ., ಬಿ.ಎಡ್. ಜೊತೆಗೆ ರಾಜ್ಯದ ಅರ್ಹತಾ ಪರೀಕ್ಷೆ ‘ಸೆಟ್’ ಪಾಸಾದರೆ ಹೈಯರ್ ಸೆಕೆಂಡರಿ: ಜೂನಿಯರ್‌ಗೆ 45,600–95,600, ಸೀನಿಯರ್‌ಗೆ 55,200–1,15,300.

ಪ್ರೌಢಶಾಲಾ ಹುದ್ದೆಗೆ ಬೇಕಾದದ್ದು ಗಣಿತ ಡಿಗ್ರಿ, ಬಿ.ಎಡ್., ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಟೆಟ್ ಮೂರನೇ ವಿಭಾಗ. ಕೆ-ಟೆಟ್ 150 ಪ್ರಶ್ನೆ, ಎರಡೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ: ಮನೋವಿಜ್ಞಾನ ಮತ್ತು ಬೋಧನೆಗೆ 40, ಭಾಷೆಗೆ 30, ವಿಷಯಕ್ಕೆ 80. ಸಾಮಾನ್ಯ ವರ್ಗಕ್ಕೆ 90 ಅಂಕ ಬೇಕು. ಭಾಷೆಯಾಗಿ ಕನ್ನಡವನ್ನು ಆರಿಸಬಹುದು. ಗಣಿತದವರು ಎಡವುವುದು 80ರ ವಿಭಾಗದಲ್ಲಲ್ಲ, ಆ 40ರಲ್ಲಿ. ಪಿಯಾಜೆ, ವೈಗೋಟ್‌ಸ್ಕಿ, ಬ್ರೂನರ್ ಎಂದು ಮನೋವಿಜ್ಞಾನಿಗಳ ಹೆಸರು ಉರುಹೊಡೆದರೆ ಸಾಲದು; ತರಗತಿಯ ಒಂದು ಸನ್ನಿವೇಶ ಕೊಟ್ಟು ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಬಿ.ಎಡ್. ಓದುವಾಗಲೇ ಬರೆದರೆ ಒಂದೇ ಓದಿನಲ್ಲಿ ಎರಡು ಕೆಲಸ.

ಈಗ ಕಹಿ ಭಾಗ. ಪಿ.ಎಸ್.ಸಿ. ನಿಮ್ಮ ಕ್ಯಾಲೆಂಡರ್ ನೋಡಿ ಅಧಿಸೂಚನೆ ಕೊಡುವುದಿಲ್ಲ. ಪರೀಕ್ಷೆ, ಕಿರುಪಟ್ಟಿ, ದಾಖಲೆ ಪರಿಶೀಲನೆ, ಸಂದರ್ಶನ, ರ‍್ಯಾಂಕ್ ಪಟ್ಟಿ, ಆಮೇಲೆ ನೇಮಕಕ್ಕೆ ಶಿಫಾರಸಿನ ಅಡ್ವೈಸ್ ಮೆಮೊ. ಇದರಲ್ಲಿ ವರ್ಷಗಳು ಕಳೆಯುತ್ತವೆ. ಪಟ್ಟಿಯ ಆಯುಸ್ಸು ಸಾಮಾನ್ಯವಾಗಿ ಮೂರು ವರ್ಷ; ಖಾಲಿ ಹುದ್ದೆ ವರದಿಯಾದಷ್ಟೇ ನೇಮಕ. ಹುದ್ದೆ ನಿಂತಿರುವುದು ಮಕ್ಕಳ ತಲೆ ಎಣಿಕೆಯ ಮೇಲೆ. ಶಾಲೆ ತೆರೆದ ಆರನೇ ಕೆಲಸದ ದಿನದ ಹಾಜರಾತಿ ನೋಡಿ ಸ್ಟಾಫ್ ಫಿಕ್ಸೇಶನ್, ಅಂದರೆ ಎಷ್ಟು ಹುದ್ದೆ ಎಂಬ ತೀರ್ಮಾನ, ಮಾಡುತ್ತಾರೆ. ಕನ್ನಡ ಡಿವಿಜನ್ (ತರಗತಿಯ ವಿಭಾಗ) ಒಂದು ಮುಚ್ಚಿದರೆ ಗಣಿತದ ಹುದ್ದೆಯೂ ಅಲುಗಾಡುತ್ತದೆ. ಕನ್ನಡ ಗೊತ್ತಿಲ್ಲದ ಅಧ್ಯಾಪಕರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದ್ದರ ವಿರುದ್ಧ ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದು ಇದೇ ಜಿಲ್ಲೆಯಲ್ಲಿ. ಅಂದರೆ ಹುದ್ದೆ ‘ನಮ್ಮದೇ’ ಎಂದು ಸುಮ್ಮನೆ ಕೂರುವ ಹಾಗಿಲ್ಲ.

ಅನುದಾನಿತ ಶಾಲೆಗಳಲ್ಲಿ ಸರಕಾರವೇ ಸಂಬಳ ಕೊಡುತ್ತದೆ, ನೇಮಕ ಮಾತ್ರ ಮ್ಯಾನೇಜ್‌ಮೆಂಟಿನದು. ಅಲ್ಲಿ ‘ಡೊನೇಶನ್’ ಮಾತು ಬರುವುದು ಕೇರಳದಲ್ಲಿ ಯಾರಿಗೂ ಗುಟ್ಟಲ್ಲ. ರಶೀದಿ ಇಲ್ಲದ ಆ ಲಕ್ಷಗಳನ್ನು ಸೇರಿಸಿದರೆ ಡಿಗ್ರಿಯ ಬೆಲೆ ಒಮ್ಮೆಗೇ ಬೇರೆಯಾಗುತ್ತದೆ. ಡಿವಿಜನ್ ಹೋದರೆ ಆ ಹಣ ತಿರುಗಿ ಕೇಳಲಿಕ್ಕೂ ಆಗುವುದಿಲ್ಲ. ಈ ದಾರಿಯನ್ನು ಇಲ್ಲಿ ಶಿಫಾರಸು ಮಾಡುತ್ತಿಲ್ಲ. ಖಾಸಗಿ ಸಿ.ಬಿ.ಎಸ್.ಇ. ಶಾಲೆಯ ಸಂಬಳ ಸರಕಾರಿ ಶ್ರೇಣಿಯ ಹತ್ತಿರಕ್ಕೂ ಬರುವುದಿಲ್ಲ, ಆದರೆ ಅಲ್ಲಿನ ಅನುಭವದ ಪತ್ರ ಗಲ್ಫಿನ ಶಾಲೆಗಳಿಗೆ ಬೇಕಾಗುತ್ತದೆ. ಅಲ್ಲಿಗೆ ಹೊರಡುವವರು ಡಿಗ್ರಿ ಮತ್ತು ಬಿ.ಎಡ್. ಪ್ರಮಾಣಪತ್ರಗಳನ್ನು ಕೇರಳ ಸರಕಾರದ ಅನಿವಾಸಿಗಳ ಸಂಸ್ಥೆ ನೋರ್ಕಾದಲ್ಲಿ ಅಟೆಸ್ಟ್ ಮಾಡಿಸಬೇಕು. ಸೆಮಿಸ್ಟರಿನ ಎಲ್ಲ ಮಾರ್ಕ್‌ಲಿಸ್ಟ್ ಜೋಪಾನ ಮಾಡಿ.

ಅಧ್ಯಾಪನವೇ ಗುರಿ ಎಂದು ಪ್ಲಸ್ ಟುವಿನಲ್ಲೇ ಗಟ್ಟಿಯಾಗಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ನಾಲ್ಕು ವರ್ಷದ ಸಂಯೋಜಿತ ಕೋರ್ಸ್ ನೋಡಬೇಕು. ಕೇರಳದವರಿಗೂ ಅದು ತೆರೆದಿದೆ, ಪ್ರವೇಶ ಎನ್.ಸಿ.ಇ.ಟಿ. ಎಂಬ ರಾಷ್ಟ್ರೀಯ ಪರೀಕ್ಷೆಯ ಮೂಲಕ. ಡಿಗ್ರಿ ಮತ್ತು ಬಿ.ಎಡ್.ಗೆ ಬೇರೆಬೇರೆಯಾಗಿ ಐದು ವರ್ಷ ಕೊಡುವ ಬದಲು ನಾಲ್ಕರಲ್ಲಿ ಮುಗಿಯುತ್ತದೆ.

ಬ್ಯಾಂಕು, ಕಂಪ್ಯೂಟರು, ‘ಡೇಟಾ’

ಬ್ಯಾಂಕ್ ಪರೀಕ್ಷೆಗೋಸ್ಕರ ಗಣಿತ ಡಿಗ್ರಿ ಮಾಡುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಅಲ್ಲಿ ಯಾವ ಡಿಗ್ರಿಯಾದರೂ ನಡೆಯುತ್ತದೆ. ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ 20 ನಿಮಿಷಕ್ಕೆ 35 ಲೆಕ್ಕ: ಶೇಕಡಾ, ಬಡ್ಡಿ, ಕೆಲಸ-ಸಮಯ, ಸರಳೀಕರಣ. ಹತ್ತನೇ ತರಗತಿಯ ಗಣಿತಕ್ಕೆ ವೇಗ ಬೇಕು, ಅಷ್ಟೇ. ಡಿಗ್ರಿಯಲ್ಲಿ ಕಲಿಯುವ ರಿಯಲ್ ಅನಾಲಿಸಿಸ್ ಅಲ್ಲಿ ಮೂರು ಕಾಸಿಗೂ ಬೇಡ. ಗಡಿಯವರಿಗೆ ಅಲ್ಲಿ ಬೇರೆ ಒಂದು ಸಂಗತಿ ಮುಖ್ಯ. ಕ್ಲರ್ಕ್ ಹುದ್ದೆಗೆ ಒಂದೇ ರಾಜ್ಯಕ್ಕೆ ಅರ್ಜಿ ಹಾಕಬಹುದು, ಆ ರಾಜ್ಯದ ಭಾಷೆ ಬರಬೇಕು. ಹತ್ತನೆಯಲ್ಲಿ ಕನ್ನಡ ಓದಿದವರಿಗೆ ಕರ್ನಾಟಕದ ಹುದ್ದೆಗಳು ಸಲೀಸು. ಮಲಯಾಳ ಮಾತಾಡಲು ಬರುತ್ತದೆ, ಓದಲು ಬರೆಯಲು ತಡಕಾಟ ಎಂಬವರು ಕೇರಳಕ್ಕೆ ಅರ್ಜಿ ಹಾಕಿದರೆ ಕೊನೆಯ ಹಂತದ ಭಾಷಾ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ.

ಎಂ.ಸಿ.ಎ. ಗಣಿತದವರಿಗೆ ನಿಜಕ್ಕೂ ಒಳ್ಳೆಯ ದಾರಿ, ಯಾಕೆಂದರೆ ಎನ್.ಐ.ಟಿ.ಗಳ ಪ್ರವೇಶ ಪರೀಕ್ಷೆ ನಿಮ್‌ಸೆಟ್ ಗಣಿತಕ್ಕೆ ವಾಲಿದೆ. 1000 ಅಂಕದಲ್ಲಿ 600 ಗಣಿತದ್ದೇ, 50 ಪ್ರಶ್ನೆಗೆ 12ರಂತೆ. ತಾರ್ಕಿಕ ಸಾಮರ್ಥ್ಯಕ್ಕೆ 240, ಕಂಪ್ಯೂಟರಿಗೆ 120, ಇಂಗ್ಲಿಷಿಗೆ 40. ಬಿ.ಸಿ.ಎ. ಮಾಡಿದವರಿಗಿಂತ ಗಣಿತದವರು ಇಲ್ಲಿ ಒಂದು ಹೆಜ್ಜೆ ಮುಂದೆ. ಸುರತ್ಕಲ್ ಎನ್.ಐ.ಟಿ.ಕೆ. ಮಂಗಳೂರಿನಾಚೆ ಅರ್ಧ ಗಂಟೆ ದೂರ. ಡಿಗ್ರಿಯಲ್ಲಿ 60 ಶೇಕಡಾ ಕಾಪಾಡಿಕೊಳ್ಳಬೇಕು. ಮೊದಲ ವರ್ಷದ ಒಂದೆರಡು ಸಪ್ಲಿ ಸಿ.ಜಿ.ಪಿ.ಎ.ಯನ್ನು ಎಳೆದರೆ ಆಮೇಲೆ ಎತ್ತುವುದು ಕಷ್ಟ.

‘ಡೇಟಾ ಸೈನ್ಸ್’ ಹೆಸರಿನಲ್ಲಿ ಲಕ್ಷಾಂತರ ರೂಪಾಯಿಯನ್ನು ಕಂತಿನಲ್ಲಿ ಕಟ್ಟಿಸಿಕೊಳ್ಳುವ ಆನ್‌ಲೈನ್ ಕೋರ್ಸುಗಳಿಗೆ ಗಣಿತದವರು ದುಡ್ಡು ಸುರಿಯಬೇಕಾಗಿಲ್ಲ. ಅವರ ಬಳಿ ಅದರ ಕಷ್ಟದ ಅರ್ಧ, ಲೀನಿಯರ್ ಆಲ್ಜಿಬ್ರಾ ಮತ್ತು ಕ್ಯಾಲ್ಕುಲಸ್, ಆಗಲೇ ಇದೆ. ಇಲ್ಲದ್ದು ಮೂರು: ಸಂಭವನೀಯತೆ-ಸಂಖ್ಯಾಶಾಸ್ತ್ರದ ಹಿಡಿತ, ಪೈಥಾನ್ ಬರೆದು ತಪ್ಪು ಹುಡುಕುವ ಅಭ್ಯಾಸ, ಡೇಟಾಬೇಸಿನಿಂದ ಮಾಹಿತಿ ಹೆಕ್ಕುವ ಭಾಷೆ ಎಸ್.ಕ್ಯು.ಎಲ್. ಇದೇ ಕ್ರಮದಲ್ಲಿ ಮೂರನೇ ಸೆಮಿಸ್ಟರಿನಿಂದ ಶುರುಮಾಡಿ. ಐ.ಐ.ಟಿ.ಗಳ ಎನ್.ಪಿ.ಟಿ.ಇ.ಎಲ್. ಆನ್‌ಲೈನ್ ಪಾಠಗಳು ಉಚಿತ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಗೆ ಸಣ್ಣ ಶುಲ್ಕ. 2022ರಿಂದ ಯು.ಜಿ.ಸಿ. ಏಕಕಾಲಕ್ಕೆ ಎರಡು ಡಿಗ್ರಿಗೆ ಒಪ್ಪಿಗೆ ಕೊಟ್ಟಿದೆ, ಮದ್ರಾಸ್ ಐ.ಐ.ಟಿ.ಯ ಆನ್‌ಲೈನ್ ಬಿ.ಎಸ್. ಡೇಟಾ ಸೈನ್ಸನ್ನು ಕಾಲೇಜಿನ ಜೊತೆಗೇ ಮಾಡಬಹುದು. ಅದರ ಫೌಂಡೇಶನ್ ಹಂತದಲ್ಲಿ ಎಂಟು ಕೋರ್ಸು. ಎರಡನ್ನೂ ಒಟ್ಟಿಗೆ ಎಳೆಯಲು ಹೋಗಿ ಎರಡರಲ್ಲೂ ಅಂಕ ಬೀಳಿಸಿಕೊಳ್ಳುವ ಅಪಾಯ ಉಂಟು. ಒಂದು ಅವಧಿಗೆ ಎರಡು ಕೋರ್ಸಿಗಿಂತ ಹೆಚ್ಚು ಹಿಡಿಯಬೇಡಿ.

ಆ್ಯಕ್ಚುರಿ (ವಿಮೆಯ ಅಪಾಯ ಲೆಕ್ಕ ಹಾಕುವವರು) ಎಂಬ ದಾರಿ ಕೇಳಲು ಚಂದ. ಎಸೆಟ್ ಪ್ರವೇಶ ಪರೀಕ್ಷೆಯ ನಂತರ ಹತ್ತಕ್ಕೂ ಹೆಚ್ಚು ಪೇಪರು, ಪ್ರತಿ ಪೇಪರಿಗೂ ಶುಲ್ಕ, ಕೆಲಸ ಇರುವುದು ಮುಂಬೈ-ಬೆಂಗಳೂರಿನಲ್ಲಿ. ಮೊದಲ ಎರಡು ಪೇಪರನ್ನು ಡಿಗ್ರಿಯ ಒಳಗೇ ಪಾಸು ಮಾಡಿದವರಿಗೆ ಮಾತ್ರ ಹೇಳಿದ್ದು.

ಗಣಿತಕ್ಕೋಸ್ಕರ ಗಣಿತ

ಮುಂದೆ ಓದುವವರಿಗೆ ಈ ಡಿಗ್ರಿ ಬಹಳ ಅಗ್ಗದ ಟಿಕೆಟು. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮದೇ ಜಿಲ್ಲೆಯಲ್ಲಿದೆ, ಎಂ.ಎಸ್ಸಿ. ಪ್ರವೇಶ ಸಿ.ಯು.ಇ.ಟಿ. ಪಿ.ಜಿ. ಮೂಲಕ. ಕೋಯಿಕ್ಕೋಡಿನಲ್ಲಿ ಕೇರಳ ಸ್ಕೂಲ್ ಆಫ್ ಮ್ಯಾಥಮ್ಯಾಟಿಕ್ಸ್ ಇದೆ. ಐ.ಐ.ಟಿ.ಗಳ ಎಂ.ಎಸ್ಸಿ.ಗೆ ಪ್ರವೇಶ ಪರೀಕ್ಷೆ ಜ್ಯಾಮ್: ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಎಂ.ಎಸ್ಸಿ. ನಂತರ ಸಿ.ಎಸ್.ಐ.ಆರ್. ಅರ್ಹತಾ ಪರೀಕ್ಷೆ ನೆಟ್‌ನಲ್ಲಿ ಜೆ.ಆರ್.ಎಫ್. (ಸಂಶೋಧನೆಗೆ ಫೆಲೋಶಿಪ್) ಸಿಕ್ಕಿದರೆ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. ಕಾಲೇಜು ಅಧ್ಯಾಪಕರಾಗಲು ನೆಟ್ ಮತ್ತು ಎಂ.ಎಸ್ಸಿ.ಯಲ್ಲಿ 55 ಶೇಕಡಾ. ಆರಂಭದ ಮೂಲವೇತನ 57,700.

ಹೆಚ್ಚಿನವರು ಇಲ್ಲಿ ಬೀಳುವುದಕ್ಕೆ ಕಾರಣ ಬುದ್ಧಿ ಕಡಿಮೆ ಅಂತಲ್ಲ, ಡಿಗ್ರಿಯನ್ನು ಓದಿದ ರೀತಿ. ವಿಶ್ವವಿದ್ಯಾಲಯದ ಪರೀಕ್ಷೆ 70 ಅಂಕ, ಇಂಟರ್ನಲ್ 30. ಹಿಂದಿನ ಪ್ರಶ್ನೆಪತ್ರಿಕೆ ತಿರುವಿ ಹತ್ತು ಪ್ರಮೇಯಗಳ ಸಾಧನೆ ಬಾಯಿಪಾಠ ಮಾಡಿದರೆ ಒಳ್ಳೆಯ ಗ್ರೇಡು ಬರುತ್ತದೆ. ಜ್ಯಾಮ್ ಕೇಳುವುದು ಬೇರೆ ತರಹ. ಉದಾಹರಣೆಗೆ: ಒಂದು ಶ್ರೇಣಿ ಅಭಿಸರಿಸಿದರೆ (ಕೂಡುತ್ತ ಹೋದ ಮೊತ್ತ ಒಂದು ಸಂಖ್ಯೆಯತ್ತ ನಿಂತರೆ) ಅದರ ಪದಗಳ ವರ್ಗಗಳ ಶ್ರೇಣಿಯೂ ಅಭಿಸರಿಸುತ್ತದೆಯೇ? ಪದಗಳು ಸೊನ್ನೆಗೆ ಹೋಗುತ್ತವೆ, ವರ್ಗ ಇನ್ನೂ ಸಣ್ಣದು, ಹಾಗಾದರೆ ಹೌದು ಎಂದು ಮನಸ್ಸು ಹೇಳುತ್ತದೆ. ಒಂದು, ಎರಡು, ಮೂರು ಇತ್ಯಾದಿಗಳ ವರ್ಗಮೂಲದಿಂದ ಒಂದನ್ನು ಭಾಗಿಸಿ, ಧನ-ಋಣ ಚಿಹ್ನೆಗಳನ್ನು ಒಂದಾದ ಮೇಲೊಂದು ಹಾಕಿ ನೋಡಿ. ಲೈಬ್ನಿಜ್ ಪರೀಕ್ಷೆಯಿಂದ ಶ್ರೇಣಿ ಅಭಿಸರಿಸುತ್ತದೆ. ವರ್ಗ ಮಾಡಿದರೆ ಸಿಗುವುದು ಹಾರ್ಮೋನಿಕ್ ಶ್ರೇಣಿ, ಅದು ಎಲ್ಲಿಯೂ ನಿಲ್ಲುವುದಿಲ್ಲ. ಹೀಗೆ ಪ್ರತಿ ಪ್ರಮೇಯದ ಒಂದೊಂದು ಷರತ್ತನ್ನು ಕಿತ್ತು ‘ಈಗ ಮುರಿಯುತ್ತದೆಯೇ’ ಎಂದು ನೋಡಿ, ಮುರಿಯುವ ಉದಾಹರಣೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಯಾವ ಕೋಚಿಂಗಿಗೂ ಮಿಗಿಲು. ಒಂದಕ್ಕಿಂತ ಹೆಚ್ಚು ಉತ್ತರ ಸರಿ ಇರುವ ಪ್ರಶ್ನೆಗಳಲ್ಲಿ ಭಾಗಶಃ ಅಂಕ ಇಲ್ಲ, ಬಾಯಿಪಾಠ ಅಲ್ಲಿಯೇ ನೆಲಕಚ್ಚುವುದು.

ಎಂ.ಟಿ.ಟಿ.ಎಸ್. ಬೇಸಿಗೆ ಶಿಬಿರ 1993ರಿಂದ ಈ ಕೆಲಸವನ್ನೇ ಮಾಡುತ್ತಿದೆ: ನಾಲ್ಕು ವಾರ ದಿನವಿಡೀ ಪ್ರಶ್ನೆ ಕೇಳಿ ಕೇಳಿ ಯೋಚಿಸಲು ಕಲಿಸುವುದು. ಸಣ್ಣ ಊರಿನ ಕಾಲೇಜಿನವರಿಗೂ ಬಾಗಿಲು ತೆರೆದಿದೆ, ಪ್ರಾಧ್ಯಾಪಕರ ಶಿಫಾರಸು ಪತ್ರ ಬೇಕು. ಜನವರಿಯಲ್ಲಿ ನಡೆಯುವ ಮಾಧವ ಗಣಿತ ಸ್ಪರ್ಧೆಗೂ ಕಾಲೇಜಿನಲ್ಲಿ ಕೇಳಿ. ಅಲ್ಲಿ ತೆಗೆಯುವ ಅಂಕಕ್ಕಿಂತ ಆ ಪ್ರಶ್ನೆಪತ್ರಿಕೆಯೇ ಪಾಠ.

ಕನ್ನಡ ಮಾಧ್ಯಮದಿಂದ ಬಂದವರ ತೊಡಕು ಪಾರಿಭಾಷಿಕ ಪದಗಳದ್ದೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಪದಗಳು ಪ್ಲಸ್ ಟುವಿನಲ್ಲೇ ಅಭ್ಯಾಸ ಆಗಿರುತ್ತವೆ. ಕಾಡುವುದು ವಾಕ್ಯ: ‘ಪ್ರತಿಯೊಂದಕ್ಕೂ ಒಂದು ಇದೆ’ ಮತ್ತು ‘ಒಂದು ಇದೆ, ಅದು ಪ್ರತಿಯೊಂದಕ್ಕೂ ಸಲ್ಲುತ್ತದೆ’ ಇವುಗಳ ನಡುವಿನ ಅಂತರ. ಮಿತಿಯ (ಲಿಮಿಟ್) ವ್ಯಾಖ್ಯೆಯಾದ ಎಪ್ಸಿಲಾನ್-ಡೆಲ್ಟಾ ಅರ್ಥವಾಗದಿರುವುದು ಇಲ್ಲಿಯೇ. ವ್ಯಾಖ್ಯೆಯನ್ನು ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, ಆಮೇಲೆ ಅದರ ನಿಷೇಧವನ್ನು ಹೇಳಿ, ಕೊನೆಗೆ ಇಂಗ್ಲಿಷಿನಲ್ಲಿ ಬರೆಯಿರಿ. ಮೊದಲ ಸೆಮಿಸ್ಟರಿನಲ್ಲಿ ದಿನಕ್ಕೊಂದು ವ್ಯಾಖ್ಯೆ ಹೀಗೆ ಮಾಡಿದವರಿಗೆ ಮೂರನೇ ವರ್ಷದ ಅನಾಲಿಸಿಸ್ ಹುಲಿಯಾಗಿ ಕಾಣುವುದಿಲ್ಲ.

ಯಾರು ತೆಗೆದುಕೊಳ್ಳಬಾರದು

ಪ್ಲಸ್ ಟುವಿನಲ್ಲಿ ಗಣಿತಕ್ಕೆ ಅಂಕ ಚೆನ್ನಾಗಿ ಬಂತು, ಇಂಜಿನಿಯರಿಂಗ್ ಸೀಟು ತಪ್ಪಿತು, ಹಾಗಾಗಿ ಇದು ಎಂಬವರು ಎರಡು ಸಲ ಯೋಚಿಸಬೇಕು. ಲೆಕ್ಕ ಬಿಡಿಸುವ ಖುಷಿ ಒಂದು, ಯಾಕೆ ಹೀಗೆ ಎಂದು ಸಾಧಿಸುವ ಹಟ ಇನ್ನೊಂದು. ಡಿಗ್ರಿ ಬೇಡುವುದು ಎರಡನೆಯದನ್ನು. ಮೂರು ವರ್ಷ ಮುಗಿದ ತಕ್ಷಣ ಮನೆಗೆ ಸಂಬಳ ತರಲೇಬೇಕಾದ ಸ್ಥಿತಿ ಇದ್ದರೆ ಬಿ.ಕಾಂ., ನರ್ಸಿಂಗ್, ಪಾಲಿಟೆಕ್ನಿಕ್ ಇವು ಬೇಗ ಕೈಗೆ ಬರುತ್ತವೆ. ಪೊವ್ವಲ್‌ನ ಎಲ್.ಬಿ.ಎಸ್. ಇಂಜಿನಿಯರಿಂಗ್ ಕಾಲೇಜಿನ ಮೆರಿಟ್ ಸೀಟಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿ, ಗುರಿ ಸಾಫ್ಟ್‌ವೇರ್ ಕೆಲಸವೇ ಆಗಿದ್ದರೆ ಅದನ್ನು ಬಿಟ್ಟು ಗಣಿತ ಮಾಡಿ ಎಂ.ಸಿ.ಎ.ಗೆ ಹೋಗುವುದರಲ್ಲಿ ಅರ್ಥವಿಲ್ಲ: ನಾಲ್ಕು ವರ್ಷದಲ್ಲಿ ಆಗುವ ಕೆಲಸಕ್ಕೆ ಐದಾರು ವರ್ಷ.

ಅಧ್ಯಾಪನಕ್ಕೆ ಹೋಗುವ ಕನ್ನಡ ಮಾಧ್ಯಮದವರಿಗೆ, ಸಂಖ್ಯಾಶಾಸ್ತ್ರ ಸೇರಿಸಿಕೊಂಡು ಕೇಂದ್ರದ ಪರೀಕ್ಷೆ ಬರೆಯುವವರಿಗೆ, ನಿಮ್‌ಸೆಟ್ ಗುರಿ ಇಟ್ಟವರಿಗೆ, ಗಣಿತ ಬಿಟ್ಟು ಇರಲಾಗದವರಿಗೆ ಈ ಡಿಗ್ರಿ ಕೊಟ್ಟ ಕಾಸಿಗಿಂತ ಹೆಚ್ಚನ್ನು ಹಿಂದಿರುಗಿಸುತ್ತದೆ. ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಅಲೋಟ್‌ಮೆಂಟ್ ಅರ್ಜಿ ತುಂಬುವಾಗ ಕಾಲೇಜಿನ ಹೆಸರಿನ ಜೊತೆಗೆ ಅಲ್ಲಿ ಗಣಿತಕ್ಕೆ ಯಾವ ಮೈನರುಗಳು ಸಿಗುತ್ತವೆ ಎಂಬುದನ್ನು ಕಾಲೇಜಿಗೆ ಫೋನು ಮಾಡಿ ಕೇಳಿ. ಸಂಖ್ಯಾಶಾಸ್ತ್ರ ಬೇಕಾದವರಿಗೆ ಅದಿಲ್ಲದ ಹತ್ತಿರದ ಕಾಲೇಜಿಗಿಂತ ಅದಿರುವ ದೂರದ ಕಾಲೇಜು ಮೇಲು. ಸೇರಿದ ಮೇಲೆ ಹಿಡಿಸದಿದ್ದರೆ ಎರಡನೇ ಸೆಮಿಸ್ಟರ್ ಮುಗಿದಾಗ ಮೇಜರ್ ಬದಲಿಸಲು ಅವಕಾಶ ಇದೆ, ಸೀಟು ಖಾಲಿ ಇದ್ದರೆ. ಆ ಅರ್ಜಿಯ ದಿನಾಂಕ ನೋಟಿಸ್ ಬೋರ್ಡಿನಲ್ಲಿ ಕೆಲವೇ ದಿನ ಇರುತ್ತದೆ.